ಉಲ್ಲೇಖ ಸಂಖ್ಯೆ ಇಲ್ಲದ ಲಿಂಕು

ನನ್ನ ಹೆಂಡತಿಗೆ ನನ್ನೊಬ್ಬನನ್ನು ಬಿಟ್ಟು ಜಗತ್ತಿನ ಎಲ್ಲರ ಮೇಲೂ ನಂಬಿಕೆ. ನನಗೋ ಯಾರ ಮೇಲೂ ಇಲ್ಲ. ಕಚೇರಿಗೆ ಬರುವ ಕಾಗದಗಳನ್ನು ಸ್ವೀಕರಿಸುವ ಮೇಜಿನಲ್ಲಿ ಇಪ್ಪತ್ತೆರಡು ವರ್ಷ ಸವೆಸಿದ ಗುಮಾಸ್ತ ನಾನು. ಮೊಹರು ಇಲ್ಲವೇ? ವಾಪಸ್. ಉಲ್ಲೇಖ ಸಂಖ್ಯೆ ಇಲ್ಲವೇ? ವಾಪಸ್. (ನಮ್ಮ ಸಾಹೇಬರ ರಜೆಯ ಅರ್ಜಿಯನ್ನೇ ಎರಡು ಸಲ ವಾಪಸ್ ಮಾಡಿದ ಮಹಾಪುರುಷ!)

ಕೆಲವು ತಿಂಗಳ ಹಿಂದೆ ಪಕ್ಕದ ಮನೆಯ ದರ್ಜಿ ಯಾವುದೋ ಲಿಂಕು ಒತ್ತಿ, ಕಳ್ಳ ಜಾಲತಾಣದೊಳಗೆ ಸಿಕ್ಕಿಬಿದ್ದು, ಫೋನು ಕೆಡಿಸಿಕೊಂಡ. ಸುದ್ದಿ ಕೇಳಿದ್ದೇ ತಡ, ಮನೆಯ ಎರಡೂ ಫೋನುಗಳ ರಕ್ಷಣಾ ಖಾತೆಯನ್ನು ನಾನೇ ವಹಿಸಿಕೊಂಡೆ. ಏನೇ ಬಂದರೂ ಮೊದಲು ನನ್ನ ಪರಿಶೀಲನೆ. ತಂಗಿ ಮಗುವಿನ ಫೋಟೋ ಕಳಿಸಿದಾಗ, "ನಮ್ಮಪ್ಪನಿಗೆ ಗಾಯದ ಗುರುತು ಯಾವ ಕಾಲಲ್ಲಿತ್ತು ಹೇಳು" ಎಂದು ಫೋನ್ ಮಾಡಿ ಕೇಳಿ, ಉತ್ತರ ತಾಳೆಯಾದ ಮೇಲೆಯೇ ಅದನ್ನು ತೆರೆದೆ. ಅವಳು ಆವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ಆಗಲೇ ಹೆಂಡತಿ, ಲಿಫ್ಟು ಮತ್ತು ಫೋನುಗಳಲ್ಲಿ ಕೇಳಿಸುವ ಪ್ರಕಟಣೆಗಳನ್ನು ಧ್ವನಿಮುದ್ರಿಸುವ ಸ್ಟುಡಿಯೋ ಒಂದರಲ್ಲಿ ಧ್ವನಿಪರೀಕ್ಷೆ ಕೊಟ್ಟು ಬಂದಿದ್ದಳು. ಮದುವೆಯಾಗಿ ಹದಿನೆಂಟು ವರ್ಷಕ್ಕೆ ಮೊದಲ ಕೆಲಸದ ಆಸೆ. ಎರಡು ವಾರದಿಂದ ಊಟ ಸೇರುತ್ತಿರಲಿಲ್ಲ, ಪಾಪ. ನಾನು ಆ ಸ್ಟುಡಿಯೋಗೂ ಫೋನ್ ಮಾಡಿ, "ನೀವು ನಿಜವಾಗಿಯೂ ಇದ್ದೀರಾ?" ಎಂದು ವಿಚಾರಿಸಿ, ನಂಬರನ್ನು ನನ್ನ ಫೋನಿನಲ್ಲಿ ಉಳಿಸಿಕೊಂಡಿದ್ದೆ.

ಶನಿವಾರ ಮಧ್ಯಾಹ್ನ ಅವಳು ಮಹಡಿಯಲ್ಲಿ ಬಟ್ಟೆ ಒಣಗಿಸುತ್ತಿದ್ದಾಗ ಅವಳ ಫೋನು ಕಿಣಿಗುಟ್ಟಿತು. 'ಅಭಿನಂದನೆಗಳು! ನೀವು ಆಯ್ಕೆಯಾಗಿದ್ದೀರಿ. ಸಂಜೆ ಐದರೊಳಗೆ ಇಲ್ಲಿ ಒತ್ತಿ ಒಪ್ಪಿಗೆ ತಿಳಿಸಿ.' ಉಲ್ಲೇಖ ಸಂಖ್ಯೆ ಇಲ್ಲ, ಮೊಹರಿಲ್ಲ, ಹೆಸರೂ ಇಲ್ಲ. ಇಪ್ಪತ್ತೆರಡು ವರ್ಷದಲ್ಲಿ ನನ್ನನ್ನು ಅಭಿನಂದಿಸಿದವರು ಯಾರೂ ಇಲ್ಲ, ಇವಳಿಗೆ ಯಾರು ಹೇಳಿಯಾರು? ಅಳಿಸಿ ಹಾಕಿದೆ.

ಅಷ್ಟರಲ್ಲಿ ನನ್ನ ಫೋನಿನಲ್ಲೊಂದು ನೋಟೀಸು ಮೂಡಿತು. ಆಹಾ, ಅದು ಕಾಗದ! ಮೇಲೆ ಲಾಂಛನ, ಎಡಗಡೆ ಮೂರು ಓರೆಗೆರೆಗಳ ಉಲ್ಲೇಖ ಸಂಖ್ಯೆ, ಕೆಳಗೆ 'ಪ್ರತಿ: ಕಡತಕ್ಕೆ'. 'ತಮ್ಮ ಫೋನಿನಲ್ಲಿ ಹದಿನೇಳು ವೈರಸ್‌ಗಳು ಪತ್ತೆಯಾಗಿರುವ ಪ್ರಯುಕ್ತ, ಕೂಡಲೇ ಇಲ್ಲಿ ಒತ್ತತಕ್ಕದ್ದು.' 'ಒತ್ತತಕ್ಕದ್ದು' ಎಂದ ಮೇಲೆ ಒತ್ತದೆ ಇರಲು ನಾನೇನು ದಂಗೆಕೋರನೇ? ಒತ್ತಿದೆ.

ಹೆಂಡತಿ ಖಾಲಿ ಬಕೆಟ್ಟಿನೊಂದಿಗೆ ಇಳಿದು ಬಂದಳು.

"ರೀ, ಏನಾದ್ರೂ ಬಂತಾ?"

"ಯಾವನೋ ಖದೀಮ, ನೀನು ಆಯ್ಕೆಯಾಗಿದ್ದೀಯ ಅಂತ ಕಳಿಸಿದ್ದ. ಅಳಿಸಿಬಿಟ್ಟೆ!"

"ಅಯ್ಯೋ ನಿಮ್ಮ ತಲೆ! ಅದು ನನ್ನ ಕೆಲಸದ್ದು ಕಣ್ರೀ!"

ಬಕೆಟ್ಟು ನನ್ನ ಕಾಲ ಮೇಲೇ ಬಿತ್ತು. ಅವಳ ಕಣ್ಣಲ್ಲಿ ನೀರು ತುಂಬಿತು. ಅವಳು ಸ್ಟುಡಿಯೋಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. ಎತ್ತಿದ್ದು ಅಲ್ಲಿನ ಮೇಡಂ.

"ಅಲ್ಲಮ್ಮಾ, ನಾವು ನಿಮ್ಮ ಒಪ್ಪಿಗೆಗೆ ಕಾಯ್ತಿದ್ರೆ, ಈಗಷ್ಟೇ ನಿಮ್ಮ ಮನೆಯವರ ನಂಬರಿಂದ ನಮಗೊಂದು ಮೆಸೇಜ್ ಬಂತು. 'ಒಂಟಿಯಾಗಿದ್ದೀರಾ? ನನ್ನ ಫೋಟೋ ನೋಡಲು ಇಲ್ಲಿ ಒತ್ತಿ' ಅಂತ. ಏನಿದು?"

ನನ್ನ ಫೋನಿನಲ್ಲಿದ್ದ ಇನ್ನೂರ ಹನ್ನೊಂದು ಜನಕ್ಕೂ ಅದು ಹೋಗಿತ್ತು. (ಸಾಹೇಬರಿಗೂ. ಅವರು ಒತ್ತಿದ್ದರೆಂದು ಆಮೇಲೆ ತಿಳಿಯಿತು.)

ಹೆಂಡತಿಗೆ ನೋಟೀಸು ತೋರಿಸಲೇಬೇಕಾಯಿತು. ಅವಳು ಅದನ್ನು ನೋಡಿದ್ದೇ, ಲಾಂಛನದಿಂದ ಹಿಡಿದು ಹದಿನೇಳು ವೈರಸ್‌ವರೆಗೆ ನನ್ನ ಸಮಸ್ತ ಚರಿತ್ರೆಯನ್ನು ಉಸಿರು ಬಿಡದೆ ಮೇಡಂಗೆ ಒಪ್ಪಿಸಿದಳು. ಮೇಡಂ ಎಲ್ಲ ಕೇಳಿ ಅಂದರು:

"ಇದನ್ನ ಹೀಗೇ, ಇದೇ ಸಿಟ್ಟಲ್ಲಿ, ಮೈಕಿನ ಮುಂದೆ ಹೇಳ್ತೀರಾ? ಜನರಿಗೆ ಬುದ್ಧಿ ಹೇಳೋ ಪ್ರಕಟಣೆಯೊಂದಿದೆ. ಸೋಮವಾರ ಬನ್ನಿ."

ಕೆಲಸ ಸಿಕ್ಕಿತು. ಈಗ ಈ ಊರಲ್ಲಿ ಯಾರು ಯಾರಿಗೇ ಫೋನ್ ಮಾಡಲಿ, ರಿಂಗಾಗುವ ಮೊದಲು ಅರ್ಧ ನಿಮಿಷ ಅವಳ ದನಿ: "ಎಚ್ಚರ! ಅನುಭವಿ ಗುಮಾಸ್ತರೊಬ್ಬರು ಬರೀ ಉಲ್ಲೇಖ ಸಂಖ್ಯೆ ನೋಡಿ ಮೋಸಹೋದರು. ನೀವಾದರೂ ಬುದ್ಧಿ ಉಪಯೋಗಿಸಿ!"

ನಿನ್ನೆ ಬರುವುದು ತಡವಾಗುತ್ತದೆ ಎಂದು ಹೇಳಲು ಮನೆಗೆ ಫೋನ್ ಮಾಡಿದೆ. ಅರ್ಧ ನಿಮಿಷ ಧ್ವನಿಮುದ್ರಿತ ಹೆಂಡತಿ ಬೈದಳು. ಆಮೇಲೆ ಅಸಲಿ ಹೆಂಡತಿ ಫೋನೆತ್ತಿ ಮುಂದುವರಿಸಿದಳು.