ಪರದೆಯ ಹಿಂದಿನ ಫಲಾಹಾರ

“ನಾಳೆ ಭಾನುವಾರ ನಮ್ಮನೇಲಿ ಒಲೆ ಹೊತ್ಸದಿಲ್ಲೆ. ಇದು ನನ್ನ ಆಜ್ಞೆ!”

ಮಂಕಿ ಊರಿನ ಸಾಲದ ಸೊಸೈಟಿಯ ಗುಮಾಸ್ತ ಶಾಂತಾರಾಮ ಜಗಲಿಯ ಮೇಲೆ ನಿಂತು ಹೀಗೆ ಘೋಷಿಸಿದಾಗ ಅವನ ದನಿಯಲ್ಲಿ ಚಕ್ರವರ್ತಿಯ ಗತ್ತಿತ್ತು. ಕಾರಣವೂ ಇತ್ತು. ಬೊಂಬಾಯಿಯಿಂದ ತಂಗಿ ಕಮಲಿ, ಅವಳ ಗಂಡ ಕೃಷ್ಣಾನಂದ ಮತ್ತವರ ಮಕ್ಕಳು ಬೇಸಿಗೆ ರಜೆಗೆಂದು ಬಂದಿಳಿದಿದ್ದರು. ಅವರನ್ನು ನೋಡಲು ಕಾಗಾಲದಿಂದ ಮಾದೇವಿ ದೊಡ್ಡಮ್ಮನೂ ಬಂದಿದ್ದಳು. ಅಂದಿನಿಂದ ಶಾಂತಾರಾಮನ ಹೆಂಡತಿ ಮಹಾಲಕ್ಷ್ಮೀ ಒಲೆಯ ಮುಂದಿನಿಂದ ಎದ್ದದ್ದನ್ನು ಕಂಡವರಿಲ್ಲ. ಬೆಳಿಗ್ಗೆ ದೋಸೆ, ಅದು ಹೊಟ್ಟೆಯಿಂದ ಇಳಿಯುವ ಮೊದಲೇ ಊಟ, ಸಂಜೆಗೆ ಅವಲಕ್ಕಿ, ಅದರ ಬೆನ್ನಿಗೇ ಮತ್ತೆ ಊಟ! ಹಿಂದಿನ ಸಂಜೆ ಕಾಯಿ ಹೆರೆಯುತ್ತ ಹೆರೆಯುತ್ತ ಅವಳು ಹೆರೆಮಣೆಯ ಮೇಲೆಯೇ ತೂಕಡಿಸಿದ್ದಳು. ಅದರ ಹರಿತವಾದ ಹಲ್ಲಿನ ಮೇಲೆ ಅವಳ ತಲೆ ಬಾಗುವುದನ್ನು ಕಂಡಾಗಲೇ ಶಾಂತಾರಾಮ ಈ ಆಜ್ಞೆ ಹೊರಡಿಸಲು ನಿಶ್ಚಯಿಸಿದ್ದ.

“ಒಲೆ ಹೊತ್ಸದಿದ್ರೆ ಎಂತ ತಿಂಬದು? ನಿಮ್ಮ ಆಜ್ಞೆಯನ್ನಾ?” ಎಂದಳು ಮಹಾಲಕ್ಷ್ಮೀ.

“ಹೊನ್ನಾವರಕ್ಕೆ ಹೋಪನ. ಹೋಟ್ಲಲ್ಲಿ ಮಸಾಲೆ ದೋಸೆ! ರಾಣಿ ಹಾಂಗೆ ಕುರ್ಚಿ ಮೇಲೆ ಕೂತ್ಗಳದೊಂದೇ ನಿನ್ನ ಕೆಲಸ.”

“ಬೊಂಬಾಯಲ್ಲಿ ಭಾನುವಾರ ಅಂದ್ರೆ ನಾವು ಹೊರಗೇ ತಿಂಬದು, ಭಾವ,” ಎಂದು ಕೃಷ್ಣಾನಂದ ಕೂಡಲೇ ಅನುಮೋದಿಸಿದ.

ದೊಡ್ಡಮ್ಮ ಮಾತ್ರ ಮುಖ ಗಂಟಿಕ್ಕಿದಳು. “ಹೋಟ್ಲು ತಿಂಡಿ ನಾ ಮುಟ್ಟದಿಲ್ಲೆ. ಯಾರು ಮಾಡಿದ್ದೋ, ಯಾವ ಕೈಯಲ್ಲಿ ಮಾಡಿದ್ದೋ! ನಿಂಗಳ ಒಟ್ಟಿಗೆ ಬತ್ತೆ. ಹೊರಗೆ ಕೂತ್ಗತ್ತೆ.”

ಅಡುಗೆಯ ಒಲೆಗೆ ರಜೆಯೇನೋ ಸಿಕ್ಕಿತು. ಬಚ್ಚಲೊಲೆಗೆ ಆಜ್ಞೆ ಅನ್ವಯಿಸಲಿಲ್ಲ. ಮಹಾಲಕ್ಷ್ಮೀ ಕತ್ತಲಿರುವಾಗಲೇ ಎದ್ದು ಇಡೀ ಪರಿವಾರಕ್ಕೆ ಸ್ನಾನದ ನೀರು ಕಾಯಿಸಿ, ಮಕ್ಕಳ ತಲೆ ಬಾಚಿ, ದನಕ್ಕೆ ಅಕ್ಕಚ್ಚು ಕೊಟ್ಟು, ಕಮಲಿಯ ಕುಪ್ಪಸದ ಕಳೆದುಹೋದ ಪಿನ್ನು ಹುಡುಕಿಕೊಟ್ಟು ಬಸ್ಸು ಹತ್ತುವಾಗ ಅರ್ಧ ಜೀವವಾಗಿದ್ದಳು.

ಶರಾವತಿಗೆ ಸೇತುವೆ ಇಲ್ಲದ ಕಾಲ. ಕಾಸರಕೋಡಿನ ದಡದಲ್ಲಿ ಇಳಿದರೆ ಲಾಂಚು ಆಚೆ ದಡದಲ್ಲಿತ್ತು. ಸಮುದ್ರದ ಇಳಿತಕ್ಕೆ ಹೊಳೆಯ ನೀರು ಲಾಂಚು ತೇಲದಷ್ಟು ಇಳಿದಿತ್ತು. ಲಾಂಚು ಬರುವ ಲಕ್ಷಣ ಕಾಣಲಿಲ್ಲ. ಮಕ್ಕಳು ಹಸಿವೆಂದು ರಾಗ ತೆಗೆದರು. “ತಡಿರೋ, ಹಸಿದಷ್ಟೂ ದೋಸೆ ರುಚಿ!” ಎಂದು ಶಾಂತಾರಾಮ ಸಮಾಧಾನ ಹೇಳಿದ. ಕೊನೆಗೂ ಹೊನ್ನಾವರದ ಹೋಟೆಲಿನ ಮೆಟ್ಟಿಲು ಹತ್ತುವಾಗ ಬಿಸಿಲು ಚೆನ್ನಾಗಿ ಏರಿತ್ತು.

ಹೋಟೆಲು ಗಿಜಿಗುಡುತ್ತಿತ್ತು. ದೊಡ್ಡಮ್ಮ ಪಕ್ಕದ ಮನೆಯ ಜಗಲಿಯಲ್ಲಿ ಸೆರಗು ಹೊದ್ದು ಕೂತಳು. ಅದು ಹೋಟೆಲಿನ ಯಜಮಾನನದೇ ಮನೆ. ಉಳಿದವರು ‘ಫ್ಯಾಮಿಲಿ ರೂಮು’ ಹೊಕ್ಕರು. ರೂಮು ಎಂದರೆ ಮೂಲೆಯಲ್ಲೊಂದು ಮೇಜು, ಅದರ ಮುಂದೊಂದು ಹಸಿರು ಪರದೆ.

ಮೀಸೆಯ ಸಪ್ಲೈಯರ್ ಬಂದು, “ಎಂತ ಬೇಕ್ರಾ?” ಎಂದ.

“ಎಲ್ಲರಿಗೂ ಮಸಾಲೆ ದೋಸೆ!” ಶಾಂತಾರಾಮನ ದನಿಯಲ್ಲಿ ಮತ್ತೆ ಚಕ್ರವರ್ತಿ ಮಾತಾಡಿದ.

ಸಪ್ಲೈಯರ್ ನೀರಿಟ್ಟು ಹೋದ. ಕೃಷ್ಣಾನಂದ ಎದ್ದು, “ಹೆಂಗಸ್ರು ಕೂತಲ್ಲಿ ಪರದೆ ಪೂರ್ತಿ ಎಳಿಯವು. ಬೊಂಬಾಯಲ್ಲಿ ಹಾಂಗೇ,” ಎನ್ನುತ್ತ ಒಂದು ಬಿರುಕೂ ಉಳಿಯದಂತೆ ಪರದೆ ಎಳೆದ.

ಆ ಕ್ಷಣದಿಂದ ಆ ಕುಟುಂಬ ಜಗತ್ತಿನ ನೆನಪಿನಿಂದ ಅಳಿಸಿಹೋಯಿತು!

ಪರದೆಯಾಚೆ ಕಾವಲಿಯ ಮೇಲೆ ದೋಸೆ ಚೊಂಯ್ ಎನ್ನುತ್ತಿತ್ತು. ತುಪ್ಪದ ವಾಸನೆ ಬರುತ್ತಿತ್ತು. ತಟ್ಟೆಗಳ ಸದ್ದು ಹತ್ತಿರ ಬರುತ್ತಿತ್ತು, ಅಷ್ಟೇ ಬೇಗ ದೂರ ಹೋಗುತ್ತಿತ್ತು. ಸದ್ದು ಬಂದಾಗಲೆಲ್ಲ ಮಕ್ಕಳು ನೆಟ್ಟಗೆ ಕೂರುವರು, ಹೋದಾಗ ಕುಸಿಯುವರು.

“ಒಂದು ಸಲ ಕೂಗ್ತೆ,” ಎಂದು ಶಾಂತಾರಾಮ ಎದ್ದ.

“ಕೂಗಡ ಭಾವ, ಮರ್ಯಾದೆ ಅಲ್ಲ. ಕೂತಲ್ಲಿಗೇ ಬತ್ತು,” ಎಂದು ಕೃಷ್ಣಾನಂದ ಕೈ ಹಿಡಿದು ಕೂರಿಸಿದ.

ಮತ್ತಷ್ಟು ಹೊತ್ತು ಕಳೆಯಿತು. ಈ ಸಲ ಶಾಂತಾರಾಮ ಕೈ ಕೊಸರಿಕೊಂಡು ಹೋಗಿ ಗಲ್ಲಾಪೆಟ್ಟಿಗೆಯ ಮುಂದೆ ಕೂತ ಯಜಮಾನನಿಗೇ ಹೇಳಿದ. ಯಜಮಾನ ಒಳಕ್ಕೆ ಮುಖ ಮಾಡಿ, “ಫ್ಯಾಮಿಲಿಗೆ ಮಸಾಲೆ ಬೇಗ!” ಎಂದು ಗರ್ಜಿಸಿದ. ಮಸಾಲೆ ಬೇಗವೇ ಹೊರಟಿತು. ಆದರೆ ಅದೇ ಹೊತ್ತಿಗೆ ಕುಮಟೆಯಿಂದ ಬಂದ ಮದುವೆಯ ದಿಬ್ಬಣದವರೊಬ್ಬರು ಹೆಂಡತಿ ಮಕ್ಕಳ ಸಮೇತ ಬಾಗಿಲ ಬಳಿಯ ಮೇಜಿನಲ್ಲಿ ಕೂತಿದ್ದರು. ಕಣ್ಣಿಗೆ ಕಾಣುವ ಫ್ಯಾಮಿಲಿ ಇರುವಾಗ ಕಾಣದ ಫ್ಯಾಮಿಲಿಯನ್ನು ಯಾರು ಹುಡುಕುತ್ತಾರೆ?

ಮಹಾಲಕ್ಷ್ಮೀ ತೊಡೆಯ ಮೇಲೆ ಒಂದು ಮಗುವನ್ನು, ಹೆಗಲ ಮೇಲೆ ಇನ್ನೊಂದರ ತಲೆಯನ್ನು ಹೊತ್ತು ಕೂತಿದ್ದಳು. “ಇಷ್ಟು ಹೊತ್ತಿಗೆ ಮನೇಲಾದ್ರೆ ಎಲ್ಲರಿಗೂ ದೋಸೆ ಎರೆದು, ಕಾವಲಿ ತೊಳೆದು ಇಡ್ತಿದ್ದೆ,” ಎಂದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಲೂ ಶಕ್ತಿ ಬೇಕಲ್ಲ! ಶಾಂತಾರಾಮನಿಗೆ ಅವಳು ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿತು.

ಆಚೆಯ ಗದ್ದಲ ಮೆಲ್ಲಗೆ ಅಡಗಿತು. ದೋಸೆಯ ಸದ್ದೂ ನಿಂತಿತು. “ಈಗ ನಮ್ಮದೇ ಸರದಿ,” ಎಂದು ಕೃಷ್ಣಾನಂದ ಕೈ ಉಜ್ಜಿಕೊಂಡ.

ಅಷ್ಟರಲ್ಲಿ ಪರದೆಯ ಕೆಳಗಿನಿಂದ ಏನೋ ಬಂತು. ದೋಸೆಯಲ್ಲ, ನೀರು! ಬೆಳಗಿನ ಫಲಾಹಾರ ಮುಗಿಸಿ, ಊಟದ ಹೊತ್ತಿಗಾಗಿ ನೆಲ ತೊಳೆಯುತ್ತಿದ್ದರು. ಮಕ್ಕಳು ಚೀರಿ ಕಾಲೆತ್ತಿದರು. ಕಮಲಿಯ ಬೊಂಬಾಯಿ ಸೀರೆಯ ಅಂಚು ತೊಯ್ದುಹೋಯಿತು. ಕಸಬರಿಗೆ ಹಿಡಿದ ಮೀಸೆಯ ಸಪ್ಲೈಯರ್ ಪರದೆ ಸರಿಸಿದವನೇ ಬೆಚ್ಚಿ ಹಿಂದೆ ಹಾರಿದ.

“ಅಯ್ಯೋ! ಒಳಗೆ ಜನ ಇದ್ರಾ?”

ಹಿಟ್ಟು ಖಾಲಿಯಾಗಿತ್ತು. ಊಟಕ್ಕೆ ಇನ್ನೂ ಅಕ್ಕಿ ಬೇಯಬೇಕಿತ್ತು. ಅಳಿದುಳಿದ ತಣ್ಣನೆಯ ಬನ್ಸು ಮಕ್ಕಳ ಪಾಲಾಯಿತು. ದೊಡ್ಡವರು ಚಹಾ ಕುಡಿದು, ತೊಯ್ದ ಕಾಲಲ್ಲಿ ಹೊರಗೆ ಬಂದರು.

ಜಗಲಿಯಲ್ಲಿ ದೊಡ್ಡಮ್ಮ ಎಲೆಯಡಿಕೆ ಹಾಕಿಕೊಂಡು ಕಂಬಕ್ಕೊರಗಿ ಕೂತಿದ್ದಳು. ಮುಖದಲ್ಲಿ ಅಂಥ ಕಳೆಯನ್ನು ಶಾಂತಾರಾಮ ಎಂದೂ ಕಂಡಿರಲಿಲ್ಲ.

“ಯಜಮಾನನ ಆಯಿ ನಮ್ಮ ಕಾಗಾಲದ ಕೂಸೇ ಆಗಿತ್ತು ಮಾರಾಯ!” ಎಂದಳು. “ಸಣ್ಣಿರಕ್ಕಾದ್ರೆ ಒಟ್ಟಿಗೆ ಆಡಿದ್ದು. ಬಿಡ್ಲೇ ಇಲ್ಲೆ. ಒಳಗೆ ಕರೆದು ಕೂರಿಸಿ ಬಿಸಿ ಕಡುಬು ಬಡಿಸ್ತು. ಎಂತಾ ಮೆತ್ತಗೆ! ಮೇಲಿಂದ ಬೆಲ್ಲ, ತುಪ್ಪ!” ಸಣ್ಣಗೆ ತೇಗಿ, “ನಿಂಗಕ್ಕೆ ದೋಸೆ ಹ್ಯಾಂಗಿತ್ತು?” ಎಂದು ಕೇಳಿದಳು.

ಕಮಲಿ ಬಗ್ಗಿ ಸೀರೆಯ ಅಂಚು ಹಿಂಡಿದಳು.

ಮತ್ತೆ ಲಾಂಚು, ಮತ್ತೆ ದಡ, ಮತ್ತೆ ಬಸ್ಸು. ಸೀಟು ಸಿಕ್ಕಿದ್ದೊಂದೇ ಆ ದಿನದ ಪುಣ್ಯ. ಶಾಂತಾರಾಮನಲ್ಲಿ ಉಳಿದಿದ್ದ ಕೊನೆಯ ಪೌರುಷ ತಲೆಯೆತ್ತಿತು. “ಎಲ್ಲರೂ ನಿಶ್ಚಿಂತೆಯಿಂದ ಮಲಗಿ. ನಾ ಎಚ್ಚರ ಇರ್ತೆ. ಮಂಕಿ ಬಂದಾಗ ಏಳಿಸ್ತೆ,” ಎಂದ. ಮಹಾಲಕ್ಷ್ಮೀ ಆ ಮಾತು ಮುಗಿಯುವವರೆಗೂ ಕಾಯಲಿಲ್ಲ. ಕಿಟಕಿಯ ಸರಳಿಗೆ ಹಣೆ ತಾಗಿಸಿದ್ದೇ ನಿದ್ದೆಹೋದಳು. ಸಮುದ್ರದ ಗಾಳಿ ತಣ್ಣಗೆ ಬೀಸುತ್ತಿತ್ತು. ಅವಳ ಮುಖವನ್ನೇ ನೋಡುತ್ತ ಶಾಂತಾರಾಮ ಒಂದೇ ಒಂದು ಸಲ ಕಣ್ಣು ಮುಚ್ಚಿದ.

“ಭಟ್ಕಳ ಬಂತ್ರಾ, ಇಳೀರಿ ಇಳೀರಿ!”

ಕಂಡಕ್ಟರನ ಕೂಗಿಗೆ ಶಾಂತಾರಾಮ ಧಡಕ್ಕನೆ ಎದ್ದು ಕಿಟಕಿಯಾಚೆ ನೋಡಿದ. ಮಂಕಿ ಯಾವಾಗಲೋ ಹಿಂದೆ ಉಳಿದಿತ್ತು. ಅದರಾಚೆಯ ಮಾವಳ್ಳಿಯೂ ಹೋಗಿತ್ತು! ಕೃಷ್ಣಾನಂದ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದಿದ್ದರು. ದೊಡ್ಡಮ್ಮನಂತೂ ಕಡುಬಿನ ಭಾರಕ್ಕೆ ಅಲ್ಲಾಡುವ ಸ್ಥಿತಿಯಲ್ಲಿರಲಿಲ್ಲ.

ಮಹಾಲಕ್ಷ್ಮೀ ಮೆಲ್ಲಗೆ ಕಣ್ಣು ಬಿಟ್ಟಳು. ಶಾಂತಾರಾಮ ತಲೆ ತಗ್ಗಿಸಿ, ಸಾಲದ ಕಂತು ತಪ್ಪಿಸಿದವನ ದನಿಯಲ್ಲಿ ಹೇಳಿದ: “ನಂಗೂ ನಿದ್ದೆ ಬಂದೋತೇ. ಇದು ಭಟ್ಕಳ.”

ಬರುವ ಸಿಡಿಲಿಗೆ ಅವನು ಸಿದ್ಧನಾಗಿ ನಿಂತ. ಅವಳು ಹೊರಗೊಮ್ಮೆ ನೋಡಿ, ಸೆರಗು ಹೊದ್ದುಕೊಂಡು, ಮತ್ತೆ ಕಿಟಕಿಗೆ ಒರಗಿದಳು.

“ಈ ಬಸ್ಸು ಇನ್ನೂ ಮುಂದೆ ಎಲ್ಲಾದ್ರೂ ಹೋಗ್ತಾ, ಒಂದ್ಸಲ ಕೇಳ್ಕಂಡು ಬನ್ನಿ.”