ಸೌಂದರ್ಯಾಳ ಕಿಣ್ವ ಕೆಲಸ ಮಾಡಿದ ದಿನ

ಭಾನುವಾರ ರಾತ್ರಿ ಹನ್ನೊಂದೂವರೆಗೆ ಕೆಳಗಿನ ಮನೆಯ ಅಡುಗೆಮನೆಯಿಂದ ‘ಟಕ್’ ಎಂದು ಸಣ್ಣದೊಂದು ಸದ್ದು ಬಂತು. ಚಾಮರಾಜಪೇಟೆಯ ಆ ಬೀದಿಯಲ್ಲಿ ಬೇರೆ ಯಾರಿಗೆ ಕೇಳಿಸಿದ್ದರೂ ಮಗ್ಗುಲು ಬದಲಿಸಿ ಮಲಗುತ್ತಿದ್ದರು. ಮಹಡಿಯ ಕೋಣೆಯ ಸೌಂದರ್ಯಾ ಮಾತ್ರ ಎದ್ದು ಕೂತಳು. ಸದ್ದಿನ ಹಿಂದೆಯೇ ಫ್ರಿಜ್ಜಿನ ಗುಂಯ್ ಎನ್ನುವ ರಾಗ ನಿಂತುಹೋಗಿತ್ತು. ಮನೆಯೊಡತಿ ಶಿವಕುಮಾರಿ ಮಲಗುವ ಮುನ್ನ ಗ್ಯಾಸ್ ಬಂದ್ ಮಾಡಿ, ಬಾಗಿಲಿಗೆ ಚಿಲಕ ಹಾಕಿ, ಫ್ರಿಜ್ಜಿನ ಸ್ವಿಚ್ಚನ್ನೂ ಆರಿಸುವವರು ಎಂಬುದು ಅವಳಿಗೆ ತಿಳಿದದ್ದು ಆಗಲೇ.

ಆ ಫ್ರಿಜ್ಜಿನಲ್ಲಿ ಸೌಂದರ್ಯಾಳ ಐದು ವರ್ಷ ಇತ್ತು.

ಅವಳು ಮಲ್ಲೇಶ್ವರದ ಕಾಲೇಜೊಂದರಲ್ಲಿ ಜೀವರಸಾಯನಶಾಸ್ತ್ರದ ಪಿಎಚ್‌.ಡಿ. ವಿದ್ಯಾರ್ಥಿನಿ. ಕೆರೆಯ ಕೆಸರಿನ ಬ್ಯಾಕ್ಟೀರಿಯಾದಿಂದ ಪಿಷ್ಟವನ್ನು ಒಡೆಯುವ ಕಿಣ್ವವೊಂದನ್ನು ಬೇರ್ಪಡಿಸಿ, ಶುದ್ಧ ಮಾಡಿ, ಆರು ಪುಟ್ಟ ಟ್ಯೂಬುಗಳಲ್ಲಿ ತುಂಬಿಟ್ಟಿದ್ದಳು. ಅಷ್ಟಕ್ಕೇ ಐದು ವರ್ಷ. ಶನಿವಾರ ಲ್ಯಾಬಿನ ಫ್ರೀಜರ್ ಕೆಟ್ಟಿತು. ಪಕ್ಕದ ವಿಭಾಗದಲ್ಲಿ ಒಳ್ಳೆಯದೇ ಒಂದಿತ್ತು. ಆದರೆ ಅಲ್ಲಿಯ ಮುಖ್ಯಸ್ಥರಿಗೂ ಇವಳ ಗೈಡ್ ಬದರೀನಾರಾಯಣರಿಗೂ ಒಂದು ಪ್ರೊಜೆಕ್ಟರ್ ವಿಷಯಕ್ಕೆ ಹನ್ನೊಂದು ವರ್ಷದಿಂದ ಮಾತಿಲ್ಲ. ಅವರವರ ಸ್ಯಾಂಪಲ್ ಅವರವರ ಜವಾಬ್ದಾರಿ ಎಂದು ತತ್ತ್ವ ಹೇಳಿ ಗೈಡ್ ಮನೆಗೆ ಹೋದರು. ಸೌಂದರ್ಯಾ ಟ್ಯೂಬುಗಳನ್ನು ಐಸಿನ ಜೊತೆ ಥರ್ಮೋಕೋಲ್ ಡಬ್ಬಿಯಲ್ಲಿಟ್ಟುಕೊಂಡು ಬಂದು, ಶಿವಕುಮಾರಿಯವರ ಕಾಲು ಹಿಡಿಯುವುದೊಂದು ಬಾಕಿ, ಅವರ ಫ್ರೀಜರಿನಲ್ಲಿ ಜಾಗ ಗಿಟ್ಟಿಸಿದ್ದಳು.

ಸೋಮವಾರ ಹನ್ನೊಂದಕ್ಕೆ ಸಮಿತಿಯ ಮುಂದೆ ಪರೀಕ್ಷೆ. ಕಿಣ್ವ ಅಷ್ಟೋ ಇಷ್ಟೋ ಕೆಲಸ ಮಾಡಿದರೆ ಥೀಸಿಸ್ ಬರೆಯಲು ಅಪ್ಪಣೆ. ಮಾಡದಿದ್ದರೆ ನೋಂದಣಿ ರದ್ದು. ಅವಳಿಗೆ ಬೇಕಿದ್ದುದು ಆವಿಷ್ಕಾರವಲ್ಲ, ಬಿಡುಗಡೆ.

ಕೆಳಗಿಳಿದು ಬಾಗಿಲು ತಟ್ಟಲೆಂದು ಎರಡು ಸಲ ಮೆಟ್ಟಿಲವರೆಗೆ ಹೋದಳು. ಬಾಡಿಗೆಗಿರುವ ಒಂಟಿ ಹುಡುಗಿ ನಡುರಾತ್ರಿ ಬಾಗಿಲು ತಟ್ಟಿದರೆ ಬೆಳಗಾಗುವಷ್ಟರಲ್ಲಿ ಬೀದಿಯಲ್ಲಿ ನಾಲ್ಕು ಕತೆ ಹುಟ್ಟುತ್ತವೆ. ವಾಪಸ್ಸು ಬಂದು ಚಾವಣಿ ನೋಡುತ್ತ ಮಲಗಿದಳು.

ಬೆಳಿಗ್ಗೆ ಎಂಟಕ್ಕೆ ಕೆಳಗೆ ಹೋದಾಗ ಫ್ರಿಜ್ಜು ಏನೂ ಅರಿಯದ ಮಗುವಿನ ಹಾಗೆ ಗುಂಯ್ ಎನ್ನುತ್ತಿತ್ತು. ಆರೂ ಟ್ಯೂಬು ಗಟ್ಟಿಯಾಗಿ ಸಾಲಾಗಿ ನಿಂತಿದ್ದವು. ರಾತ್ರಿ ಫ್ರಿಜ್ ಆರಿಸಿದ್ದಿರಾ ಎಂದು ಅಂಜುತ್ತ ಕೇಳಿದಳು.

“ದಿನಾ ಆರಿಸ್ತೀನಲ್ಲ. ಈ ಚಳೀಲಿ ಅದಕ್ಕೇನು ಕೆಲಸ?” ಎಂದ ಶಿವಕುಮಾರಿ ಅವಳ ಮುಖ ನೋಡದೆ ಒಲೆ ಒರೆಸತೊಡಗಿದರು. “ಸೀಸೆ ಆರು ಇತ್ತು, ಆರೂ ಇದೆ. ಬೇಕಾದ್ರೆ ಎಣಿಸ್ಕೊ.”

ಎಣಿಕೆ ಸರಿಯಾಗಿತ್ತು. ಆದರೆ ಎರಡು ರಾತ್ರಿ ಕರಗಿ ಮತ್ತೆ ಹೆಪ್ಪುಗಟ್ಟಿದ ಕಿಣ್ವದಲ್ಲಿ ಜೀವವೆಷ್ಟು ಉಳಿದೀತು? ಕಿಣ್ವ ಎಂಬುದು ಮದುವೆಮನೆಗೆ ಬಂದ ಬೀಗರ ಹಾಗೆ. ಸ್ವಲ್ಪ ಉಪಚಾರ ತಪ್ಪಿದರೂ ಮುನಿಸಿಕೊಂಡು ಕೂತುಬಿಡುತ್ತದೆ, ಆಮೇಲೆ ಏಳುವುದಿಲ್ಲ.

ಗೇಟಿನಲ್ಲಿ ಎದುರುಮನೆಯ ಶ್ರೀನಿವಾಸಯ್ಯ ಕಾದಿದ್ದರು, ಕೈಯಲ್ಲಿ ರಕ್ತಪರೀಕ್ಷೆಯ ರಿಪೋರ್ಟು. ಜೀವರಸಾಯನಶಾಸ್ತ್ರ ಅಂದರೆ ರಕ್ತ, ಮೂತ್ರ ಪರೀಕ್ಷೆ ಮಾಡುವ ವಿದ್ಯೆ, ಅದಕ್ಕೆ ಇಷ್ಟು ವರ್ಷ ಹಿಡಿಯುತ್ತಿದ್ದರೆ ಹುಡುಗಿ ಸ್ವಲ್ಪ ಮಂದ ಎಂದು ಬೀದಿಯವರೆಲ್ಲ ಸೇರಿ ತೀರ್ಮಾನಿಸಿದ್ದರು. ತಾನು ಡಾಕ್ಟರಲ್ಲ ಎಂದು ಸೌಂದರ್ಯಾ ನೂರಾ ಒಂದನೇ ಸಲ ಹೇಳಿದಳು.

“ಗೊತ್ತಮ್ಮ. ಡಾಕ್ಟ್ರಾಗಿದ್ರೆ ಹಿಂಗೆ ಗೇಟಲ್ಲಿ ಸಿಗ್ತಿದ್ಯಾ?” ಎಂದ ಅವರು ತಮ್ಮ ಕೊಲೆಸ್ಟ್ರಾಲ್ ಮುಗಿಸಿ, ಭಾವಮೈದನ ಥೈರಾಯ್ಡಿಗೆ ಬಂದರು. ಡಬ್ಬಿಯೊಳಗೆ ಐಸು ಕರಗುತ್ತಿತ್ತು. ಎಲ್ಲರಿಗೂ ಎಣ್ಣೆ ಕಡಿಮೆ ಮಾಡಿ ಎಂದು ಹೇಳಿ ಅವಳು ಓಡಿದಳು.

ಮೆಟ್ರೋ ನಿಲ್ದಾಣದ ತಪಾಸಣೆಯಲ್ಲಿ ಡಬ್ಬಿಯ ತಳದಿಂದ ನೀರು ತೊಟ್ಟಿಕ್ಕುವುದನ್ನು ಕಂಡು ಕಾವಲಿನವನು “ಮೀನಾ?” ಎಂದ. ಕಿಣ್ವ ಎಂದಳು. ಅದು ಯಾವ ಕಡೆಯ ಮೀನು ಎಂಬಂತೆ ನೋಡಿದ. ಮುಚ್ಚಳ ತೆಗೆಸಿ, ಕಿರುಬೆರಳಿನಷ್ಟು ಟ್ಯೂಬುಗಳನ್ನು ಕಂಡು ನಿರಾಶನಾಗಿ ಒಳಗೆ ಬಿಟ್ಟ. ರೈಲಿನಲ್ಲಿ ಅವಳ ಪಕ್ಕದ ಎರಡು ಸೀಟು ಮಲ್ಲೇಶ್ವರ ಬರುವವರೆಗೂ ಖಾಲಿ ಉಳಿದವು. ಐದು ವರ್ಷದ ಸಂಶೋಧನೆಗೆ ಸಿಕ್ಕ ಮೊದಲ ಗೌರವ ಅದು.

ಸಮಿತಿಯ ಹೊರಗಿನ ಸದಸ್ಯರು ದೊಡ್ಡಬೈರಪ್ಪನವರು. ಹಿರಿಯ ವಿಜ್ಞಾನಿ, ನಿವೃತ್ತರಾಗಿ ಹತ್ತು ವರ್ಷವಾದರೂ ಕುರ್ಚಿ ಬಿಡದವರು. ತಟ್ಟೆಯಲ್ಲಿದ್ದ ವಡೆ ಮುಗಿಯುವವರೆಗೆ ಅವಳ ವಿವರಣೆಯನ್ನು ಕಣ್ಣು ಮುಚ್ಚಿ ಕೇಳಿದರು. ಬಳಿಕ, “ಸ್ಲೈಡು ಸಾಕಮ್ಮ. ಎದುರಿಗೆ ಮಾಡಿ ತೋರ್ಸು,” ಎಂದರು.

ಮಾಡಿ ತೋರಿಸುವುದೆಂದರೆ ಹೈಸ್ಕೂಲಿನ ಪ್ರಯೋಗವೇ. ಪಿಷ್ಟದ ನೀರಿಗೆ ಅಯೋಡಿನ್ ಹಾಕಿದರೆ ಕಡುನೀಲಿ. ಕಿಣ್ವ ಪಿಷ್ಟವನ್ನು ಒಡೆದರೆ ನೀಲಿ ಹೋಗಿ ತಿಳಿಯಾಗುತ್ತದೆ. ಸೌಂದರ್ಯಾಳ ಕಿಣ್ವಕ್ಕೆ ಒಳ್ಳೆಯ ದಿನಗಳಲ್ಲೇ ಇದಕ್ಕೆ ಮುಕ್ಕಾಲು ಗಂಟೆ ಬೇಕಿತ್ತು. ಆಗಲೂ ತಿಳಿಯಾಯಿತೆಂದು ನಂಬುವ ಮನಸ್ಸುಳ್ಳವರಿಗೆ ಮಾತ್ರ ಕಾಣುತ್ತಿತ್ತು. ಸಹಪಾಠಿ ವಸಂತ್ ಸಾಂತ್ವನ ಹೇಳುವ ಮುಖ ಮೊದಲೇ ಸಿದ್ಧ ಮಾಡಿಕೊಂಡು ಬಾಗಿಲಿಗೆ ಒರಗಿ ನಿಂತ. ಅವಳು ನಾಲ್ಕು ಹನಿ ಬಿಟ್ಟಳು.

ಎರಡೇ ನಿಮಿಷ. ನೀಲಿ ನೇರಳೆಯಾಯಿತು, ನೇರಳೆ ಕಂದಾಯಿತು, ಕಂದು ತಿಳಿನೀರಾಯಿತು.

ಸಮಿತಿಯವರು ಹತ್ತಿರ ಬಂದು ಬಗ್ಗಿ ನೋಡಿದರು. ಇನ್ನೊಂದು ಟ್ಯೂಬು ಹಾಕಿಸಿದರು. ಅದೂ ಹಾಗೆಯೇ. ವಸಂತನ ಸಾಂತ್ವನ ಮುಖದಲ್ಲೇ ಹಳಸಿತು. ಬದರೀನಾರಾಯಣರು ಎದ್ದು, ಈ ಹುಡುಗಿಗೆ ತಾವು ಐದು ವರ್ಷದಿಂದ ಇದನ್ನೇ ಹೇಳುತ್ತ ಬಂದಿದ್ದಾಗಿ ಸಮಿತಿಗೆ ತಿಳಿಸಿದರು. ಅವರು ಈವರೆಗೆ ಹೇಳುತ್ತ ಬಂದದ್ದು ವಿಷಯ ಬದಲಿಸು ಎಂದು.

“ಸರ್, ಹಾಗಾದ್ರೆ ಥೀಸಿಸ್ ಬರೀಬೋದಾ?” ಎಂದಳು ಸೌಂದರ್ಯಾ.

“ಈಗಲೇ ಏನು ಬರೀತೀಯ?” ಎಂದರು ದೊಡ್ಡಬೈರಪ್ಪ. “ಇದು ಸಾಮಾನ್ಯ ಕಿಣ್ವ ಅಲ್ಲ. ಮೊದಲಿಂದ ಮತ್ತೆ ಶುದ್ಧ ಮಾಡು. ಮೂರು ಸಲ ಇದೇ ವೇಗ ತೋರ್ಸು. ಪೇಟೆಂಟ್ ಆಗ್ಲಿ. ಇನ್ನೊಂದು ಎರಡು ವರ್ಷ ತಗೋ, ನಾನೇ ಶಿಫಾರಸು ಮಾಡ್ತೀನಿ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಜೀವಾವಧಿ ಶಿಕ್ಷೆಗೆ ಚಪ್ಪಾಳೆ ಬೀಳುವುದು ವಿಶ್ವವಿದ್ಯಾಲಯಗಳಲ್ಲಿ ಮಾತ್ರ.

ಅವಳು ಕಾರಿಡಾರಿಗೆ ಬಂದು ಗೋಡೆಗೊರಗಿದಾಗ ಫೋನು ಬಂತು. ಶಿವಕುಮಾರಿ.

“ಸೌಂದರ್ಯಾ, ಬೆಳಗ್ಗೆ ಹೇಳೋಕೆ ಬಾಯಿ ಬರ್ಲಿಲ್ಲ ಕಣಮ್ಮ. ನಿನ್ನ ಸೀಸೆಗಳಲ್ಲಿ ಮಾಂಸಗೀಂಸ ಇದೆಯೇನೋ ಅಂತ ಐದು ಗಂಟೆಗೆದ್ದು ಮುಚ್ಚಳ ತೆಗೆದು ಮೂಸಿ ನೋಡ್ತಿದ್ದೆ. ಕೈ ಜಾರಿ ಆರೂ ಸಿಂಕಿಗೆ ಚೆಲ್ಲಿಹೋಯ್ತು.”

“ಆರೂನಾ ಆಂಟಿ? ಮತ್ತೆ ಅದರೊಳಗೆ ಇದ್ದಿದ್ದು?”

“ಮೊಮ್ಮಗೂಗೆ ಉಣಿಸೋ ಸರಿ ಮಾಡೋಕೆ ಮೊಳಕೆ ರಾಗಿ ರುಬ್ಬಿ ಸೋಸಿಟ್ಟಿದ್ನಲ್ಲ, ಮೇಲೆ ತಿಳಿ ನಿಂತಿತ್ತು. ನಿಂದೂ ಅದೇ ಬಣ್ಣ ಇತ್ತು. ತುಂಬಿಸಿಟ್ಬಿಟ್ಟೆ. ಏನೂ ತೊಂದ್ರೆ ಆಗ್ಲಿಲ್ಲ ತಾನೆ?”

ಸೌಂದರ್ಯಾ ಕಣ್ಣು ಮುಚ್ಚಿಕೊಂಡಳು. ಮೊಳಕೆ ರಾಗಿಯಲ್ಲಿ ಪಿಷ್ಟ ಒಡೆಯುವ ಕಿಣ್ವ ಹೇರಳವಾಗಿದೆ ಎಂಬುದು ಮೊದಲ ವರ್ಷದ ಪುಸ್ತಕದಲ್ಲೇ ಇದೆ. ಅದು ಮೂರು ದಿನ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಬರುತ್ತದೆ. ಐದು ವರ್ಷ ಬೇಡ, ಗೈಡೂ ಬೇಡ. ಕೆರೆಯ ಕೆಸರಿನಿಂದ ಆ ವೇಗ ತೆಗೆಯಲು ಎರಡು ವರ್ಷವಲ್ಲ, ಎರಡು ಜನ್ಮ ಸಾಲದು. ಒಳಗಡೆ ಬದರೀನಾರಾಯಣರು ಏಳನೆಯವರಿಗೆ ಫೋನು ಮಾಡಿ ಸುದ್ದಿ ಹೇಳುತ್ತಿದ್ದರು.

“ನಮ್ಮ ಸೊಸೆಗೆ ಗೊತ್ತಾದ್ರೆ ಮಗೂ ಸರೀನ ಕಂಡೋರ ಸೀಸೆಗೆ ಹಾಕಿದ್ರಿ ಅಂತ ಕುಣೀತಾಳೆ,” ಎಂದು ಶಿವಕುಮಾರಿ ದನಿ ತಗ್ಗಿಸಿದರು. “ದಯವಿಟ್ಟು ಯಾರ ಹತ್ರಾನೂ ಬಾಯಿ ಬಿಡ್ಬೇಡ ಕಣಮ್ಮ.”

“ಇಲ್ಲ ಆಂಟಿ,” ಎಂದಳು ಸೌಂದರ್ಯಾ. “ಸಾಯೋವರೆಗೂ ಬಿಡಲ್ಲ.”