ಚೆಂಡು ಎಷ್ಟು ದೂರ ಹೋಯಿತೆಂದು ಹೇಳಿದ ಅಪರಾಧಕ್ಕೆ

ಮಕ್ಕಳ ಗಾಲ್ಫ್ ತರಬೇತಿ ಶಿಬಿರದ ಮುಖ್ಯ ತರಬೇತುದಾರರ ಸನ್ನಿಧಿಗೆ,

ಮಾನ್ಯರೇ,

ತಮಗೂ, ತಮ್ಮ ಕೊರಳಿನ ಸೀಟಿಗೂ, ತಮ್ಮ ಅಪ್ಪಣೆಯಿಲ್ಲದೆ ಒಂದಂಗುಲವೂ ಬೆಳೆಯಲು ಹೆದರುವ ಮೈದಾನದ ಹುಲ್ಲಿಗೂ ಈ ಮುದುಕನ ಅನಂತ ನಮಸ್ಕಾರಗಳು. ಶನಿವಾರ ಬೆಳಿಗ್ಗೆ ಎಂಟರ ತಂಡದಲ್ಲಿ, ಎಡದಿಂದ ನಾಲ್ಕನೆಯ ಚಾಪೆಯ ಮೇಲೆ ನಿಂತು ಚೆಂಡು ಹೊಡೆಯುವ ಒಂಬತ್ತು ವರ್ಷದ ಹುಡುಗಿಯ, ಮನೆಯಲ್ಲಿ ನಾವು ಪಿಟ್ಟೆ ಎಂದು ಕರೆಯುವವಳ, ತಾಯಿಯ ತಂದೆ ನಾನು. ವೃತ್ತಿಯಿಂದ ಗಡಿಯಾರ ರಿಪೇರಿಯವನು. ಮೂರು ವಾರಗಳಿಂದ, ತಮ್ಮ ಕೃಪೆಯಿಂದ, ಹಳದಿ ಹಗ್ಗದ ಹಿಂದಿನ ಬೆಂಚಿನವನು.

ತಾವು ನನ್ನ ಕೈಗಿತ್ತ ಸುತ್ತೋಲೆಯನ್ನು ಕಣ್ಣಿಗೆ ರಿಪೇರಿಯ ಭೂತಗನ್ನಡಿ ಸಿಕ್ಕಿಸಿಕೊಂಡು ನಾಲ್ಕು ಸಲ ಓದಿದೆ. ಮಕ್ಕಳ ಜೊತೆ ಬರುವ ಹಿರಿಯರು ಹಗ್ಗದ ಹಿಂದೆ ಕೂರತಕ್ಕದ್ದೆಂದೂ, ತಪ್ಪು ಮಾಹಿತಿ ಕೊಟ್ಟು ಸಮಾಧಾನಪಡಿಸುವವರಿಗೆ ಚಾಪೆಯ ಬಳಿ ಪ್ರವೇಶವಿಲ್ಲವೆಂದೂ ಎಷ್ಟು ಅಚ್ಚುಕಟ್ಟಾಗಿ ಬರೆದಿದ್ದೀರಿ. ಕೆಳಗೆ ಶಿಬಿರದ ಮೊಹರು ಬೇರೆ. ಹದಿನೆಂಟು ಮಕ್ಕಳಿಗೆ ಕಡಿಮೆಯೆಂದರೂ ಇಪ್ಪತ್ತು ಹಿರಿಯರು ಬರುತ್ತಾರೆ. ಸುತ್ತೋಲೆ ಮಾತ್ರ ಎಲ್ಲೂ ಸುತ್ತದೆ ನೇರವಾಗಿ ನನ್ನ ಅಂಗೈಗೇ ಬಂದು ಕೂತಿತು. ನನ್ನಂಥವನೊಬ್ಬನಿಗಾಗಿ ಕಾಗದ, ಶಾಯಿ, ಮೊಹರು ಎಲ್ಲವನ್ನೂ ಖರ್ಚು ಮಾಡಿದ ತಮ್ಮ ಔದಾರ್ಯ ದೊಡ್ಡದು.

ಮೊದಲ ಶನಿವಾರ ನಡೆದದ್ದು ತಮಗೆ ನೆನಪಿರಲಿಕ್ಕಿಲ್ಲ. ಹದಿನೆಂಟು ಮಕ್ಕಳನ್ನು ಒಟ್ಟಿಗೆ ಉದ್ಧಾರ ಮಾಡುವವರು ಒಂದು ಮಗುವಿನ ಮುಖ ನೆನಪಿಟ್ಟುಕೊಳ್ಳುವುದು ಹೇಗೆ? ಪಿಟ್ಟೆ ಏಳು ಸಲ ಸ್ಟಿಕ್ ಬೀಸಿದಳು. ಏಳು ಸಲವೂ ಚೆಂಡು ಇದ್ದಲ್ಲೇ ಇತ್ತು. ಪಕ್ಕದ ಚಾಪೆಯ ಹುಡುಗರು ನಕ್ಕರು, ಇವಳ ಕೆಳತುಟಿ ನಡುಗತೊಡಗಿತು, ಮನೆಗೆ ಹೋಗೋಣ ಎಂದು ನನ್ನ ತೋಳು ಹಿಡಿದು ಎಳೆದಳು. ಇನ್ನೊಂದೇ ಒಂದು ಎಂದು ಪುಸಲಾಯಿಸಿದೆ. ಎಂಟನೆಯದು ತಗುಲಿತು. ಆದರೆ ಹೊಡೆದ ಮೇಲೂ ತಲೆ ಎತ್ತದೆ, ನೆಲವನ್ನೇ ನೋಡುತ್ತ ಮೂರು ಎಣಿಸಬೇಕೆಂಬುದು ತಮ್ಮ ಮೊದಲ ಪಾಠ. ತಲೆ ಎತ್ತಿ ಬಾಳು ಎಂದು ಮಕ್ಕಳಿಗೆ ಹೇಳಿಕೊಂಡು ಬಂದ ನಮ್ಮಂಥವರಿಗೆ ಇದು ಹೊಸ ವಿದ್ಯೆ, ಇರಲಿ, ಗುರುವಾಕ್ಯ. ಮೂರು ಎಣಿಸಿ ತಲೆ ಎತ್ತುವಷ್ಟರಲ್ಲಿ ಮೈದಾನದ ತುಂಬ ಚೆಲ್ಲಿರುವ ಐನೂರು ಬಿಳಿ ಚೆಂಡುಗಳಲ್ಲಿ ತನ್ನದು ಯಾವುದೆಂದು ಆ ಮಗುವಿಗೆ ತಿಳಿಯುವುದಾದರೂ ಹೇಗೆ? ಎಲ್ಲಿಗೆ ಹೋಯಿತು ಅಜ್ಜ ಎಂದು ಕೇಳಿದಳು. ಕೆಂಪು ಬಾವುಟದ ಹತ್ತಿರ ಎಂದೆ. ತುಟಿ ನಡುಗುವುದು ನಿಂತಿತು, ಬುಟ್ಟಿಯ ಚೆಂಡೆಲ್ಲ ಖಾಲಿಯಾಗುವವರೆಗೆ ಹೊಡೆದಳು.

ಅದು ಸುಳ್ಳೆಂದು ತಾವು ತೀರ್ಪು ಕೊಟ್ಟಿದ್ದೀರಿ. ಸುಳ್ಳು ಹೇಳಲು ನಿಜವಾದರೂ ಗೊತ್ತಿರಬೇಕಲ್ಲ ಸ್ವಾಮಿ! ನಲವತ್ತು ವರ್ಷ ಕೂದಲಿಗಿಂತ ಸಣ್ಣ ಸ್ಪ್ರಿಂಗುಗಳನ್ನು ದಿಟ್ಟಿಸಿದ ಕಣ್ಣು ನನ್ನದು. ಅಂಗೈಯಲ್ಲಿರುವುದು ಚೆನ್ನಾಗಿ ಕಾಣುತ್ತದೆ, ಇಪ್ಪತ್ತು ಹೆಜ್ಜೆ ಆಚೆಯದೆಲ್ಲ ಬರೀ ಹಸಿರು ಮಂಜು. ಆ ಮಂಜಿನೊಳಗೆ ಮುಂದಿನ ವಾರ ಅವಳ ಚೆಂಡನ್ನು ನೀಲಿ ಬಾವುಟ ದಾಟಿಸಿದೆ, ಅದರ ಮುಂದಿನ ವಾರ ಬಿಳಿಯದನ್ನು. ಮೂರನೆಯ ತಿಂಗಳು ಮುಗಿಯುವ ಹೊತ್ತಿಗೆ ಅವಳ ಚೆಂಡು ಕೊನೆಯ ಬೇಲಿಯ ಬಲೆಗೆ ತಗುಲಿ ಹಿಂದಕ್ಕೆ ಬರುತ್ತಿತ್ತು. ಕಡ್ಡಿಯನ್ನು ಗುಡ್ಡ ಮಾಡಿದೆ, ಒಪ್ಪಿದೆ. ಆದರೆ ಅದೇ ಗುಡ್ಡ ಹತ್ತುತ್ತ ಅವಳು ಒಂದು ಶನಿವಾರವೂ ತಪ್ಪಿಸಲಿಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದ ಹಿರಿಯರು, ನಾಲ್ಕು ಸುಳ್ಳು ಹೇಳಿ ಒಂದು ಮಗುವನ್ನು ಆಟಕ್ಕೆ ಹಚ್ಚಬೇಡ ಎಂದು ಎಲ್ಲೂ ಹೇಳಿದ ಹಾಗಿಲ್ಲ. ನನ್ನ ಅಂಗಡಿಗೆ ಬರುವ ಗಿರಾಕಿಗಳಲ್ಲಿ ಅರ್ಧದಷ್ಟು ಜನ ಗಡಿಯಾರವನ್ನು ಐದು ನಿಮಿಷ ಮುಂದಿಟ್ಟು ಕೊಡಿ ಎನ್ನುತ್ತಾರೆ. ಸುಳ್ಳು ಗಡಿಯಾರವೆಂದು ಅವರಿಗೂ ಗೊತ್ತು; ಕೆಲಸಕ್ಕೆ ಮಾತ್ರ ಸರಿಯಾದ ಹೊತ್ತಿಗೆ ತಲುಪುತ್ತಾರೆ.

ಇಷ್ಟರಲ್ಲಿ ತಾವು ಆ ಪುಟ್ಟ ಪೆಟ್ಟಿಗೆಯನ್ನು ತಂದಿರಿ. ಅಬ್ಬಾ, ಎಂಥ ಸತ್ಯಸಂಧ ಯಂತ್ರ! ಚೆಂಡು ಹೊಡೆದ ಮರುಕ್ಷಣ ಮುಖದ ಮೇಲೆ ದೂರ ತೋರಿಸುತ್ತದೆ, ದಯೆ ದಾಕ್ಷಿಣ್ಯ ಒಂದೂ ಇಲ್ಲ. ಬೇಲಿಯವರೆಗೆ ಹೊಡೆಯುವ ನನ್ನ ಮೊಮ್ಮಗಳು ಅದರ ಮುಂದೆ ಹೊಡೆದಾಗ ಅದು ಮೂವತ್ತೊಂದು ಮೀಟರ್ ಎಂದಿತು. ಮತ್ತೆ ಹೊಡೆದಳು, ಮೂವತ್ತನಾಲ್ಕು. ಯಂತ್ರ ಕೆಟ್ಟಿರಬೇಕು ಎಂದು ನಾನು ಹೇಳಿದೆ, ಹೊಚ್ಚ ಹೊಸದು ಎಂದು ತಾವು ಹೇಳಿದಿರಿ. ಪಿಟ್ಟೆ ಅಳಲಿಲ್ಲ, ನನ್ನನ್ನೊಮ್ಮೆ ನೋಡಿದಳು, ಅಷ್ಟೇ. ಅಂದು ಮನೆಗೆ ಬರುವಾಗ ಚೀಲವನ್ನು ನನ್ನ ಕೈಗೆ ಕೊಡದೆ ತಾನೇ ಹೊತ್ತುಕೊಂಡಳು. ಮುಂದಿನ ವಾರ ಸುತ್ತೋಲೆ ಬಂತು.

ಸತ್ಯದ ವಿಷಯಕ್ಕೆ ಬಂದದ್ದರಿಂದ ಒಂದು ಸಣ್ಣ ಅನುಮಾನ. ತಾವು ಹದಿನೆಂಟು ಮಕ್ಕಳಿಗೂ ಹಂಚಿದ ಟೋಪಿಗಳ ಮೇಲೆ ‘ನಾಳಿನ ಚಾಂಪಿಯನ್’ ಎಂದು ಚಿನ್ನದ ದಾರದಲ್ಲಿ ಹೊಲಿಸಿದ್ದೀರಿ. ಕಂಬಕ್ಕೆ ಹೊಡೆದು, ವಾಪಸು ಬಂದ ಚೆಂಡನ್ನು ತನ್ನ ಮೊಣಕಾಲಿಗೇ ಬಡಿಸಿಕೊಂಡ ಹುಡುಗನಿಗೂ ಅದೇ ಟೋಪಿ, ಅವನಿಗೂ ತಮ್ಮಿಂದ ಭೇಷ್. ನನ್ನದು ಬಾಯಿಮಾತಿನ ಸುಳ್ಳು, ತಮ್ಮದು ಕಸೂತಿಯದು. ವ್ಯತ್ಯಾಸ ನನಗೆ ಅರ್ಥವಾಗುತ್ತದೆ, ಕಸೂತಿ ತೊಳೆದರೂ ಹೋಗುವುದಿಲ್ಲ.

ಆದ್ದರಿಂದ ಕೈಮುಗಿದು ಬೇಡುತ್ತೇನೆ. ಆ ಪೆಟ್ಟಿಗೆಯನ್ನು ಕೆಲವು ದಿನ ಯಾವುದಾದರೂ ಅಜ್ಜಿಯ ಮನೆಯಲ್ಲಿ ಬಿಟ್ಟು, ಹತ್ತು ವರ್ಷದೊಳಗಿನವರಿಗೆ ಹೇಗೆ ಉತ್ತರ ಕೊಡಬೇಕೆಂದು ಕಲಿಸಿಕೊಂಡು ಬರಬೇಕು. ಅದಾಗದಿದ್ದರೆ, ಮಕ್ಕಳು ನೆಲ ನೋಡುತ್ತ ಮೂರು ಎಣಿಸುವಷ್ಟರಲ್ಲಿ ಬಾವುಟಗಳನ್ನೆಲ್ಲ ಕಿತ್ತು ಇಪ್ಪತ್ತು ಹೆಜ್ಜೆ ಈಚೆಗೆ ನೆಡಲು ತಮ್ಮ ಸಹಾಯಕರಿಗೆ ಅಪ್ಪಣೆಯಾಗಬೇಕು. ಓಡಿ ಓಡಿ ಅವರ ಮೈಯೂ ಹಗುರಾಗುತ್ತದೆ. ಇದೂ ಆಗದ ಮಾತಾದರೆ, ನನ್ನನ್ನೇ ಹಗ್ಗ ದಾಟಿ ಚಾಪೆಯ ಬಳಿಗೆ ಬಿಡಿ, ಬಾಯಿಗೆ ಬೇಕಾದರೆ ಬೀಗ ಹಾಕಿ. ಮಗಳಿಗೂ ಅಳಿಯನಿಗೂ ಶನಿವಾರ ಆಸ್ಪತ್ರೆಯ ಕೆಲಸ. ವಾರದಲ್ಲಿ ಆ ಒಂದೂವರೆ ಗಂಟೆ ಮಾತ್ರ ಪಿಟ್ಟೆ ನನ್ನವಳು. ಅವಳ ಪಕ್ಕದ ಆ ಒಂದು ಹೆಜ್ಜೆ ಜಾಗ ನನಗೆ ಬೇಕು ಸ್ವಾಮಿ. ಬೆಂಚಿನಿಂದ ಅವಳೇ ನನಗೆ ಮಂಜಾಗಿ ಕಾಣುತ್ತಾಳೆ.

ಸದ್ಯಕ್ಕೆ ಹಗ್ಗವನ್ನು ಮುಟ್ಟದೆ, ದಾಟದೆ, ಅದರ ಬಣ್ಣವನ್ನು ಹೊಗಳುತ್ತ ಕುಳಿತಿರುವ,

ತಮ್ಮ ವಿಶ್ವಾಸಿ,
ಪಿಟ್ಟೆಯ ಅಜ್ಜ

ಮತ್ತೊಂದು ಮಾತು: ಪತ್ರವನ್ನು ಮಡಿಚುವ ಮುನ್ನ ತಪ್ಪಿದೆಯೇ ನೋಡಲು ಗಟ್ಟಿಯಾಗಿ ಓದಿದೆ. ಪಿಟ್ಟೆ ಬಾಗಿಲ ಬಳಿ ನಿಂತು ಕೊನೆಯವರೆಗೂ ಕೇಳಿಸಿಕೊಂಡು, “ಅಜ್ಜಾ, ಆ ಚೀಟಿ ಬರೀರಿ ಅಂತ ಸರ್‌ಗೆ ಹೇಳಿದ್ದು ನಾನೇ,” ಎಂದಳು. ನಾನು ಪತ್ರವನ್ನು ಕೆಳಗಿಟ್ಟೆ. ಅವಳೇ ಮುಂದುವರಿಸಿದಳು: “ನೀನು ಪಕ್ಕದಲ್ಲಿದ್ರೆ ಎಲ್ಲಾ ಬಾಲೂ ದೂರಾನೇ ಹೋಗತ್ತೆ. ನಂಗೆ ನಿಜವಾಗ್ಲೂ ಹೊಡೆಯೋಕೆ ಬರತ್ತಾ ಅಂತ ನೋಡ್ಬೇಕಿತ್ತು. ಅಜ್ಜಂಗೆ ಬೇಜಾರಾಗತ್ತೆ, ನನ್ನ ಹೆಸರು ಹೇಳ್ಬೇಡಿ ಅಂತಾನೂ ಹೇಳಿದ್ದೆ.”

ಅಂದರೆ ಮಾನ್ಯರೇ, ಒಬ್ಬ ಮುದುಕನ ಮನಸ್ಸು ನೋಯಬಾರದೆಂದು ತಾವು ಮೂರು ವಾರ, ಅದೂ ಮೊಹರು ಒತ್ತಿ, ತಪ್ಪು ಮಾಹಿತಿ ಕೊಟ್ಟಿದ್ದೀರಿ. ಅಂಥವರಿಗೆ ಚಾಪೆಯ ಬಳಿ ಪ್ರವೇಶವಿಲ್ಲವೆಂದು ಬರೆದವರೂ ತಾವೇ. ಶನಿವಾರ ಬೆಂಚಿನ ಮೇಲೆ ನಾನು ಸ್ವಲ್ಪ ಸರಿದು ಕೂರುತ್ತೇನೆ, ದಯಮಾಡಿಸಿ. ಅವಳ ಚೆಂಡು ಎಲ್ಲಿಗೆ ಹೋಯಿತೆಂದು ನನಗೆ ಅಲ್ಲಿಂದ ಕಾಣುವುದಿಲ್ಲ, ತಾವೇ ನೋಡಿ ಹೇಳಬೇಕು. ಸ್ವಲ್ಪ ಹೆಚ್ಚಿಗೆ ಹೇಳಿದರೂ ನಾನು ಯಾರಿಗೂ ದೂರು ಕೊಡುವುದಿಲ್ಲ.